ಪುಕ್ಕಟ

ಹೊಸ ಕಂಪ್ಯೂಟರ್ ಬಂದು ಮೂರು ದಿನ.
ಸ್ಕ್ರೀನಿನ ಮ್ಯಾಲಿನ ತೆಳು ಪ್ಲಾಸ್ಟಿಕ್ಕು ಇನ್ನೂ ಕಿತ್ತಿಲ್ಲ,
ಆಗಲೇ ಮೂಲ್ಯಾಗ ಒಂದು ಕೆಂಪು ಚೌಕ
ಎದ್ದೆದ್ದು ಕುಂತು ಅಂಜಸ್ತದ.

ಯಾದಗೀರ ಸ್ಟೇಷನ್ ರೋಡಿನ ಅಂಗಡಿ ಹುಡುಗ
ಅಫ್ರೋಜ್ ಹಾಕಿ ಕೊಟ್ಟದ್ದು ಅದು.
ಒಂದು ತಿಂಗಳು ಪುಕ್ಕಟ,
ಆಮ್ಯಾಲೆ ವರ್ಷಕ್ಕ ಸಾವಿರದ ಇನ್ನೂರು.
"ಪೂರಾ ಪುಕ್ಕಟಿದ್ದೂ ನಾಕೈದು ಅವರಿ ಸಿಸ್ಟರ್.
ಆದರ ಪುಕ್ಕಟಿದ್ದರ ಮ್ಯಾಲೆ
ಭರವಸಾ ಹ್ಯಾಂಗ್ರಿ ಇಡೋದು?"

ಮೂವತ್ತೊಂದು ವರ್ಷ ಇದೇ ಮಾತಿಗೆ
ಜವಾಬು ಕೊಟಗೋತ ತಿರುಗಿದ ಕಾಲು ಇವು.
ನಗು ಬಂತು. ನಗಲಿಲ್ಲ.

ತಾಂಡಾದಾಗ ಘೇಮಲಿಬಾಯಿ ಬಾಗಲಿಗೆ ಅಡ್ಡ ನಿಂತು
ಸೊಂಟದ ಕೂಸಿನ ಬಾಯಿ ಅಂಗೈಲೆ ಮುಚ್ಚಿ ಕೇಳಿದ್ದಳು:
"ರೇಷನ್ ಚೀಟಿಗೆ ಹನ್ನೊಂದು ಸಲ ತಿರುಗಿಸಿದಿರಿ.
ಕೇಳಿದ ಬೋರಿಂಗ್ ಇನ್ನೂ ಬಂದಿಲ್ಲ.
ಕೇಳದ ಈ ಎರಡು ಹನಿ
ಮನಿ ತನಕ ಯಾಕ ಬರ್ತಾವ ನರ್ಸಬಾಯಿ?
ಏನದ ಇದರಾಗ?"

ಏನು ಹೇಳಿದೆನೋ. ಜೋರು ಮಾಡಿರಬೇಕು.
ನೀಲಿ ಡಬ್ಬಿಯೊಳಗ ಐಸು ಕರಗಲತ್ತಿತ್ತು.
ಸೀಮೆಸುಣ್ಣದಲೆ ಅಕಿ ಬಾಗಲಿಗೆ ಎಕ್ಸ್ ಬರದು ಬಂದೆ.
ಮರುದಿನ ಹೋದೆ. ಅದರ ಮರುದಿನ ಮತ್ತ ಹೋದೆ.
ಆಗ ಅಕಿ ನನ್ನ ಮಾರಿ ನೋಡಲಿಲ್ಲ,
ಅಂಗುಟ ಹರಿದ ನನ್ನ ಚಪ್ಪಲಿ ನೋಡಿದಳು.
ಕೂಸಿನ ಬಾಯಿ ಮ್ಯಾಲಿನ ಕೈ ತಾನೇ ತಗದಳು.

ಈಗ ರಾತ್ರಿ ಹತ್ತಕ್ಕ ಚಸ್ಮಾ ಹಾಕ್ಕೊಂಡು
ಒಂದೊಂದೇ ಪುಕ್ಕಟಿದ್ದನ್ನ ಪರೀಕ್ಷಾ ಮಾಡ್ತೀನಿ.
ಇವಕ್ಕ ಚಪ್ಪಲಿ ಇಲ್ಲ.
ಒಂದು ಫೋನ್ ನಂಬರ್ ಕೇಳ್ತದ.
ಒಂದು, ನೀ ಎಲ್ಲೆಲ್ಲಿ ಹೋಗ್ತಿ ಬರ್ತಿ ನೋಡಲೇನು ಅಂತದ,
ಸಣ್ಣ ಅಕ್ಷರದಾಗ, ಹೂಂ ಅನ್ನೋ ಗೀಟು ತಾನೇ ಎಳಕೊಂಡು.
ಮತ್ತೊಂದು ಇನ್ನೆರಡು ಸಾಮಾನು ಬೆನ್ನಿಗೆ ಕಟಗೊಂಡು ಬರ್ತದ,
ಲಗ್ನಕ್ಕ ಒಬ್ಬರಿಗೆ ಹೇಳಿದರ ಜೀಪು ತುಂಬಿ ಬಂದಂಗ.
ಎರಡು ಕೂಡಿ ಹಾಕಬ್ಯಾಡ್ರಿ ಅಂದಿದ್ದ ಅಫ್ರೋಜ್,
ಒಂದನ್ನ ನೋಡಿ ಇನ್ನೊಂದು ರೋಗ ಅಂತಾವ.
ನಮ್ಮ ದವಾಖಾನಿಯ ಇಬ್ಬರು ಡಾಕ್ಟರು ನೆನಪಾದರು.

ಪುಕ್ಕಟ ಕೊಡಾವರು ಏನು ಒಯ್ತಾರ?
ನಾನೂ ಒಯ್ದೀನಿ:
ಹೆಸರು, ವಯಸ್ಸು, ಹಡದದ್ದು ಎಷ್ಟು, ಉಳದದ್ದು ಎಷ್ಟು,
ಕಡೀ ಮುಟ್ಟು ಯಾವಾಗ.
ಉದ್ದ ರಿಜಿಸ್ಟರಿನಾಗ ನೀಲಿ ಶಾಯಿಲೆ ಬರದೀನಿ.
ಅವು ಎಲ್ಲಿಗೆ ಹೋಗ್ತಾವ ಅಂತ ಘೇಮಲಿಬಾಯಿ ಕೇಳಲಿಲ್ಲ,
ನಾನೂ ಕೇಳಲಿಲ್ಲ.
ಸ್ಟೋರ್ ರೂಮಿನಾಗ ಒಂದು ಗಂಟಿಗೆ
ವರಲಿ ಹತ್ತಿದ್ದು ಮಾತ್ರ ಕಂಡೀನಿ.

ತಂಗಿ ಮಗಳು ರೂತ್ ಬಂದು ಬಗ್ಗಿ ನೋಡಿದಳು.
"ಚಿಗವ್ವ, ಇದರೊಳಗ ಮೊದಲೇ ಒಂದು ಅದ,
ಮಷೀನಿನ ಸಂಗಡನೇ ಬಂದದ್ದು.
ಅಂಗಡ್ಯಾವ ತನ್ನದು ಹಾಕಿದ್ದಕ್ಕ ಸುಮ್ಮ ಮಲಗ್ಯಾದ."

ಸಂಗಡನೇ ಬಂದದ್ದು.
ಹಡದ ತಾಸಿನೊಳಗ ಕುಡಸ್ರಿ,
ಆ ಹಳದಿ ಹಾಲು ಚೆಲ್ಲಬ್ಯಾಡ್ರಿ ಅಂತ
ಊರೂರು ಒದರಿದಾಕಿ ನಾನು.

ಕೆಂಪು ಚೌಕ ಕಿತ್ತು ಹಾಕಿದಿವಿ.
ಹೋಗಬೇಕಾದರ ನಾಕು ಸಲ ಕೇಳ್ತು:
ಖರೇನೇ ಹೋಗಲೇನು?
ಒಳಗಿಂದು ಎದ್ದಿತು. ತಪಾಸಣಿ ಸುರು.
ಒಂದು ಲಕ್ಷದ ನಾಲ್ವತ್ತು ಸಾವಿರ ಫೈಲು,
ಮನಿ ಮನಿ ಹೊಕ್ಕು ಹೊರಗ ಬರಲತ್ತದ,
ಒಂದು ಬಾಗಲದಾಗೂ ಒಬ್ಬರೂ
ಜಗಳಕ್ಕ ನಿಲ್ಲವಲ್ಲರು.
ಇಂಥಾ ಒಂದು ದಿನ ನನಗ ಸಿಗಲಿಲ್ಲ.

ಹನ್ನೆರಡೂವರಿಗೆ ಮುಗೀತು. ಏನೂ ಇಲ್ಲಂತ.
ಅಂದರ, ಸದ್ಯಕ್ಕ.

ಹಳೇ ಡ್ಯೂಟಿ ಬ್ಯಾಗಿನ ತಳದಾಗ ಮಾರ್ಕರ್ ಒಂದಿತ್ತು,
ಒಣಗಿತ್ತು, ನಾಲಿಗಿಗೆ ಹಚ್ಚಿ ತಿದ್ದಿದೆ.
ಪ್ಲಾಸ್ಟಿಕ್ಕು ಕಿತ್ತು
ಸ್ಕ್ರೀನಿನ ಎಡಕ್ಕ, ಕೆಳಗ,
ಕಿರುಬೆರಳು ಇರಬೇಕಾದಲ್ಲಿ
ಒಂದು ಕರೀ ಗುರುತು ಹಾಕಿದೆ.

ರೂತ್ ಬೈದಳು. ಬೈಲಿ.