ಎದೆಸುತ್ತಿನ ಟೇಪು

ಹವಾಸ್ಸಾದ ಸರೋವರದ ದಂಡೆಗೆ, ಮೀನು ಕೊಯ್ಯುವಲ್ಲಿ,
ಮರಬೂ ಕೊಕ್ಕರೆಗಳು ನಿಂತಿವೆ. ಬೋಳುತಲೆ, ಕಪ್ಪು ಕೋಟು.
ಬಡ್ತಿ ಸಮಿತಿಯವರ ಹಾಗೆ
ಯಾರು ಯಾವಾಗ ಕರುಳು ಎಸೆಯುತ್ತಾರೆಂದು ಕಾಯುತ್ತ.

ನಾನು ಗ್ರಂಥಾಲಯದ ಮೂರನೆಯ ಮಹಡಿಯಲ್ಲಿ
ಪಶುವಿಜ್ಞಾನಿಗಳನ್ನು ತೂಗುತ್ತಿದ್ದೇನೆ.
ಮೂವತ್ತೊಂದು ಹೆಸರು, ಶುಕ್ರವಾರದೊಳಗೆ.
ಕರೆಂಟು ಹೋದರೆ ತಕ್ಕಡಿಯೂ ಹೋಯಿತು.

ಲೆಕ್ಕವೇನೂ ಕಷ್ಟದ್ದಲ್ಲ.
ಬರೆದದ್ದೆಷ್ಟು, ಬರೆದದ್ದನ್ನು ಹೆಸರು ಹಿಡಿದು ನೆನೆದವರೆಷ್ಟು.
ಏಳು ಲೇಖನಕ್ಕೆ ತಲಾ ಏಳು ಉಲ್ಲೇಖ ಸಿಕ್ಕರೆ
ನೀವು ಏಳು.
ಎಂಟಕ್ಕೂ ಎಂಟೆಂಟು ಸಿಗುವ ತನಕ
ಏಳುವಂತಿಲ್ಲ, ಏಳೇ.

ಪ್ರೊಫೆಸರ್ ದುಕಾಲೆ ಲಮಿಸೊ: ಇಪ್ಪತ್ತೊಂಬತ್ತು.
ಇನ್ನೂರ ಹನ್ನೆರಡು ಲೇಖನ.
ಒಂದು ಕೋಳಿಯ ಹಿಂದೆ ಹದಿನಾಲ್ಕು ಹೆಸರು.
ಒಂದೇ ಕುರಿಯನ್ನು ನಾಲ್ಕು ಸಂತೆಯಲ್ಲಿ ಮಾರಿದ್ದಾರೆ,
ನಾನು ಕಣ್ಣಾರೆ ಕಂಡೆ, ಕೋಷ್ಟಕದ ಸಂಖ್ಯೆಗಳು ಸಹ ಅವೇ.
ಕೆಟ್ಟವರೆನ್ನಲಾರೆ.
ಕಣ್ಣಿಗೆ ಒಂದೇ ಹನಿ, ವರ್ಷಕ್ಕೆ ಮೂರು ಸಲ,
ಎಂದು ಅವರು ತೋರಿಸಿದ್ದರಿಂದಲೇ
ನನ್ನ ಅವ್ವನ ಕೋಳಿಗಳು ಇವತ್ತಿಗೂ
ಮನೆಯೊಳಗೆ ಹಿಕ್ಕೆ ಹಾಕುತ್ತಿವೆ.

ನನ್ನಪ್ಪ ಯಾಬೆಲ್ಲೊದ ಕಡೆ ದನದ ದಲ್ಲಾಳಿ.
ಸಂತೆಯ ಬೆಳಗ್ಗೆ ಎತ್ತಿಗೆ ಉಪ್ಪು ನೆಕ್ಕಿಸುತ್ತಾರೆ,
ಆಮೇಲೆ ಹೊಟ್ಟೆ ಬಿರಿಯ ನೀರು.
ಇಪ್ಪತ್ತು ಕಿಲೊ ನೀರು ಎತ್ತಿನ ಬೆಲೆಗೆ ಹೋಗುತ್ತದೆ.
ಮುಂಗಾಲಿನ ಹಿಂದೆ ಟೇಪು ಸುತ್ತಿ
ಇಂಚಿನಲ್ಲಿ ತೂಕ ಓದುವ ಹುಡುಗರು ಬಂದಾಗ
ಅಪ್ಪ ಪಕ್ಕೆಗೆ ಹೆಬ್ಬೆರಳು ಒತ್ತಿ,
ಏನೋ ಗುನುಗಿ, ಅಂದ:
ಉಚ್ಚೆ ಹೊಯ್ಯಲಿ. ಆಮೇಲೆ ತೂಗಿ.

ಉಲ್ಲೇಖಗಳು ಉಚ್ಚೆ ಹೊಯ್ಯುವುದಿಲ್ಲ.
ಗೆಳೆಯ ಗೆಳೆಯನಿಗೆ ಕುಡಿಸಿದ ನೀರು
ಹಾಗೇ ನಿಲ್ಲುತ್ತದೆ, ವರ್ಷವರ್ಷಕ್ಕೂ.

ಇಪ್ಪತ್ತೆರಡನೆಯ ಹೆಸರು: ಜಲ್ದೆಸಾ ಬೊರು.
ಒಟ್ಟು ಆರು ಲೇಖನ. ಸೂಚ್ಯಂಕ ಎರಡು.
ಹತ್ತೊಂಬತ್ತು ವರ್ಷದ ಹಿಂದಿನದು:
ಒಣಗಾಲದಲ್ಲಿ ಕರುವಿಗೆ ಬಿಡಬೇಕಾದ ಮೊಲೆ ಎಷ್ಟು.
ಉಲ್ಲೇಖ ಮೂರು. ಒಂದು ಅವರದೇ,
ಒಂದು ಅವರನ್ನು ಒಪ್ಪದವರದು, ಒಂದು ಯಾರೋ ವಿದ್ಯಾರ್ಥಿನಿಯದು.
ನಾಲ್ಕನೆಯದೂ ಇದೆ, ಹೆಸರು ತಪ್ಪು ಬರೆದಿದ್ದಾರೆ,
ಯಂತ್ರ ಗುರುತು ಹಿಡಿಯಲಿಲ್ಲ.

ದುಬ್ಲುಕ್ ಬಾವಿಯ ಬಳಿ ನನ್ನ ಅತ್ತೆ ಕಬಾಲೆ
ಕರೆಯಲು ಕೂತಾಗ ಕರುವಿನ ಮೂತಿ ತಳ್ಳುತ್ತ ಅನ್ನುತ್ತಾಳೆ,
"ಎರಡು ನಿನಗೆ, ಎರಡು ನನಗೆ."
ಯಾರು ಹೇಳಿಕೊಟ್ಟರು?
ಅಜ್ಜಿ, ಅನ್ನುತ್ತಾಳೆ. ಆಮೇಲೆ, ರೇಡಿಯೋದಲ್ಲೂ ಒಬ್ಬ.

ಲೇಖನದ ಕೊನೆಯ ಪುಟ ತೆರೆದು ನೋಡಿದೆ.
ಕೃತಜ್ಞತೆಗಳು, ಸಣ್ಣಕ್ಷರದಲ್ಲಿ:
ನಲವತ್ತೊಂದು ಹೆಂಗಸರು, ಒಬ್ಬೊಬ್ಬರ ಹೆಸರು,
ಅಪ್ಪನ ಹೆಸರು, ಅವರವರ ಬಾವಿಯ ಹೆಸರು.
ಹದಿನೇಳನೆಯದು ಅಜ್ಜಿ.
ಕಾಗುಣಿತ ತಪ್ಪಿಲ್ಲ.

ಇದಕ್ಕೆ ಕಾಲಂ ಇಲ್ಲ. ಹುಡುಕಿದೆ.
"ಇತರೆ" ಎಂಬಲ್ಲಿ ತುಂಬಿದೆ, ಪರದೆ ಕೆಂಪಾಯಿತು,
ಅಂಕೆ ಮಾತ್ರ ನಮೂದಿಸಿ.

ಫೋನು ಮಾಡಿದೆ. ಹಿಂದೆ ಎಲ್ಲೋ ಒಂಟೆ ಗೊಣಗುತ್ತಿತ್ತು.
ಸರ್, ನಿಮ್ಮದು ಎರಡು ಬರುತ್ತಿದೆ,
ತಪ್ಪಿದ ಹೆಸರು ಸರಿಮಾಡಿಸಿದರೂ ಅಷ್ಟೇ ಉಳಿಯುತ್ತದೆ, ಏನು ಮಾಡಲಿ?

"ಎರಡು ಸರಿಯಿದೆಯಮ್ಮ," ಎಂದರು,
"ಉಳಿದೆರಡು ಕರುವಿಗೆ ಬಿಡಿ."
ನಕ್ಕರೋ ಕೆಮ್ಮಿದರೋ, ಲೈನು ಕತ್ತರಿಸಿತು.

ಎರಡು ಎಂದು ಒತ್ತಿದೆ.
ಇಪ್ಪತ್ಮೂರನೆಯ ಹೆಸರು ಬಂತು.
ಕೆಳಗೆ ದಂಡೆಯಲ್ಲಿ ಒಂದು ಕೊಕ್ಕರೆ
ಕೋಟು ಬಿಚ್ಚಿದಂತೆ ರೆಕ್ಕೆ ತೆರೆದು
ಮತ್ತೆ ತೊಟ್ಟುಕೊಂಡಿತು.