ಮೂರೂವರೆಯ ಕೆಳಗೆ

ದುರ್ಗಿಗುಡಿಯ ಎರಡನೇ ಮಹಡಿ, ಕೆಳಗೆ ಕನ್ನಡಕದಂಗಡಿ.
ವಿದ್ಯುತ್ ದೂರಿನ ರಾತ್ರಿ ಪಾಳಿಗೆ
ನಾನೊಬ್ಬ, ಶಮೀನಾ ಒಬ್ಬಳು,
ಮತ್ತೆ ಗೋಡೆಯ ಪರದೆಯಲ್ಲಿ
ಬಂದ ದನಿಗಳಿಗೆಲ್ಲ ಅಂಕ ಹಾಕುವ ಮೇಷ್ಟ್ರು.

ಅವನಿಗೆ ಕಿವಿಯಿಲ್ಲ. ಕೇಳುತ್ತಾನೆ.
ಒಂದರಿಂದ ಐದು. ಐದನ್ನು ಈವರೆಗೆ ಯಾರಿಗೂ ಕೊಟ್ಟಿಲ್ಲ.
ನಾಲ್ಕು ದಾಟಿದರೆ ಹಸಿರು,
ಮೂರೂವರೆಯ ಕೆಳಗಿಳಿದರೆ ಕೆಂಪು,
ಕೆಂಪೆಲ್ಲ ನನ್ನ ಪಾಲು:
ಹೆಡ್‌ಫೋನು ಹಾಕಿ ಕೇಳಬೇಕು
ಮಾತು ಎಲ್ಲಿ ಹರಿಯಿತು, ಎಷ್ಟು ಚೂರು ದಾರಿಯಲ್ಲಿ ಬಿತ್ತು,
ಪಟ್ಟಿಯಿಂದ ಒಂದು ಕಾರಣ ಆರಿಸಿ ಒತ್ತಬೇಕು.

ಕಾಲು ಗಂಟೆಗೊಮ್ಮೆ ತನಗೆ ತಾನೇ ಫೋನು ಮಾಡುತ್ತಾನೆ,
ಇಲ್ಲಿಂದ ಸಾಗರದ ಪೆಟ್ಟಿಗೆಗೆ, ಸಾಗರದಿಂದ ವಾಪಸು:
"ಕೆಂಪು ಕುದುರೆ ಕೆರೆಯ ಏರಿ ದಾಟಿತು."
ಲೆಕ್ಕಪತ್ರದ ಫ್ಲೇವಿಯಾ ಲೋಬೊ ಓದಿಕೊಟ್ಟದ್ದು,
ಶೀತವಿದ್ದ ದಿನ. ಅವಳ ಕಟ್ಟಿದ ಮೂಗೇ ನಮ್ಮ ಅಳತೆಗೋಲು.
ಕುದುರೆ ನೆಟ್ಟಗೆ ದಾಟಿದರೆ ನಾಲ್ಕು ಪಾಯಿಂಟು ಮೂರು.
ಆನಂದಪುರದ ಹತ್ತಿರ ಜೆಸಿಬಿ ಕೇಬಲ್ ಕಡಿದ ದಿನ
"ಕೆಂಪು ಕು... ಏರಿ... ತು."
ಶಮೀನಾ ನಕ್ಕಳು: ಮುಳುಗಿತು ಬಿಡಿ, ಪಾಪ.

ಹಸಿರನ್ನೂ ಕೇಳಿದ್ದೇನೆ, ನಿದ್ದೆ ಹತ್ತದಿರಲೆಂದು.
ವಿನೋಬನಗರದ ಯಾರೋ, ಗಾಜಿನಂಥ ದನಿ,
ಒಂದಕ್ಷರ ಉದುರದ ಹಾಗೆ
ಬೈದಿದ್ದಾರೆ ಅವಳಿಗೆ ಆರು ನಿಮಿಷ.
ನಾಲ್ಕು ಪಾಯಿಂಟು ನಾಲ್ಕು. ಆ ತಿಂಗಳಿಗೆ ಅದೇ ಮೇಲು.

ಆಮೇಲೆ ನಿಟ್ಟೂರಿನ ಕಡೆಯಿಂದ ಒಂದು.
ರಾತ್ರಿ ಎರಡೂ ಹತ್ತು. ಒಂದು ಪಾಯಿಂಟು ಎರಡು.
ಮಾತು ತುಂಡು ತುಂಡು, ಎಂದಿತ್ತು ವರದಿ,
ನೂರಕ್ಕೆ ಮೂವತ್ತೆಂಟು ನಷ್ಟ,
ಒಂದೇ ಚೂರು ಮತ್ತೆ ಮತ್ತೆ ಬರುತ್ತಿದೆ.
ಹೆಡ್‌ಫೋನು ಹಾಕಿದೆ.
ಲೈನು ತೊಳೆದಿಟ್ಟ ಹಾಗಿತ್ತು.
ಅವರ ಮನೆಯ ಗಡಿಯಾರ ಕೇಳಿಸುತ್ತಿತ್ತು,
ಯಾರೋ ಮಗ್ಗುಲು ಬದಲಿಸಿದ್ದು, ಮಂಚದ ಹಲಗೆ.
"ನಾ... ನಾನು ಹೂ... ಹೂವಪ್ಪ. ನಮ್ಮ ಟಿ... ಟಿ..."
ಉಸಿರು.
"ಟಿ..."
ಏಳು ಸೆಕೆಂಡು.

ಹಲೋ ಎನ್ನಲಿಲ್ಲ ಶಮೀನಾ. ಕೇಳಿಸ್ತಿಲ್ಲ ಎನ್ನಲಿಲ್ಲ.
ಟಿಸಿನಾ, ಎಂದು ಅವನ ಬಾಯಿಂದ ಕಿತ್ತುಕೊಳ್ಳಲಿಲ್ಲ.
(ನಾನಾಗಿದ್ದರೆ ಕಿತ್ತುಕೊಳ್ಳುತ್ತಿದ್ದೆ.)
"ಟಿಸಿ ಸುಟ್ಟೋಗಿದೆ ಸಂಜೆಯಿಂದ ಊರಿಗೂರೇ ಕತ್ತಲೆ"
ಬಂತು ಒಂದೇ ಉಸಿರಿಗೆ,
ಘಟ್ಟ ಇಳಿಯುವ ಬಸ್ಸಿನ ಹಾಗೆ.
ಅವಳು ಕಂಬದ ನಂಬರು ಬರೆದುಕೊಂಡಳು.

ಕಾರಣಗಳ ಪಟ್ಟಿ: ಜಾಲ, ಉಪಕರಣ, ಹವಾಮಾನ, ಇತರೆ.
ಇತರೆ ಒತ್ತಿದೆ. ನಲವತ್ತು ಅಕ್ಷರಕ್ಕೆ ಜಾಗ.
ಬರೆದೆ: ಲೈನು ಸರಿ ಇದೆ. ಅವರು ಮಾತಾಡುವುದೇ ಹಾಗೆ.

ವಾರ ಬಿಟ್ಟು ಹುಬ್ಬಳ್ಳಿಯ ಎಂಜಿನಿಯರು ಬಂದ. ಒಳ್ಳೆಯ ಹುಡುಗ.
ಚಹಾ ಆರುವುದರೊಳಗೆ
ಆ ನಂಬರನ್ನು ಲೆಕ್ಕದಿಂದ ತೆಗೆದ.
ಸರಾಸರಿ ಕೆಡುತ್ತೆ ಸರ್, ಎಂದ.
ಈಗ ಹೂವಪ್ಪನ ಫೋನು ಬಂದರೆ
ಅಂಕದ ಮನೆ ಖಾಲಿ. ಹಸಿರೂ ಅಲ್ಲ, ಕೆಂಪೂ ಅಲ್ಲ.
ಕೇಳುವುದು ನನ್ನ ಕೆಲಸವೂ ಅಲ್ಲ.

ಮೊನ್ನೆ ಬೆಳಗಿನ ಜಾವ ನಾಲ್ಕೂ ಮುಕ್ಕಾಲರ ಮುಂಚೆ
ಪರದೆಯಲ್ಲಿ ಒಂದು ಖಾಲಿ ಮನೆ.
ಹೆಡ್‌ಫೋನು ಹಾಕಿದೆ.
"ಕ... ಕ... ಕರೆಂಟು", ಎಂದ.
ಹಿಂದೆ ಎಲ್ಲೋ ಹಳೇ ಫ್ಯಾನು ಕಟಕಟ ತಿರುಗುತ್ತಿತ್ತು.
ಶಮೀನಾ ಕಾದಳು. ನಾನೂ.
ಹನ್ನೊಂದು ಸೆಕೆಂಡು, ಎಣಿಸಿದ್ದೇನೆ.
"ಬ... ಬ... ಬಂತು."

ಅಷ್ಟೇ.
ಬಂತು ಅಂತ ಹೇಳಲಿಕ್ಕೆ ಈ ನಂಬರಿಗೆ
ನಾನು ಸೇರಿದ ಹನ್ನೆರಡು ವರ್ಷದಲ್ಲಿ
ಯಾರೂ ಫೋನು ಮಾಡಿದ್ದಿಲ್ಲ.
"ಹೂಂ", ಎಂದಳು ಶಮೀನಾ. ಇಟ್ಟಳು.
ಅಷ್ಟು ಹೊತ್ತಿಗೆ ಗೋಡೆಯ ಮೇಲೆ
ಮೂಗು ಕಟ್ಟಿದ ಕುದುರೆ
ಮತ್ತೆ ಸಾಗರಕ್ಕೆ ಹೊರಟಿತ್ತು.