ಟಿಕೇಟಿನ ಬೆನ್ನ ಮ್ಯಾಲ

ರಾತ್ರಿ ಒಂಬತ್ತೂವರಿಗಿ ಡಿಪೋದ ಕಿಟಕಿ ಮುಂದ
ಚೀಲ ಬೋರಲು ಹಾಕಿ ನಿಲ್ತೀನಿ.
ಹತ್ತರ ಕಟ್ಟು, ಇಪ್ಪತ್ತರ ಕಟ್ಟು,
ಕಲಬುರಗಿ ಬಿಸಲಿಗಿ ಬೆವತು ಅಂಟಿಕೊಂಡ ಐವತ್ತರ ನೋಟು.
ಮಷೀನು ಹೇಳಿದ್ದಕ್ಕ ಒಂದು ರೂಪಾಯಿ ಕಡಿಮಿಯಾದರ
ನಾನೇ ತುಂಬಬೇಕು.
ಹನ್ನೊಂದು ವರ್ಷ ಆತು,
ನಿಗಮದ ಒಂದು ಪೈಸಾ ನನ್ನ ಕೈಯಾಗ ಕಳದಿಲ್ಲ.
ಕ್ಯಾಶಿಯರ್ ಅಣವೀರಪ್ಪ ಎರಡನೇ ಸಲ ಎಣಿಸೂದೇ ಬಿಟ್ಟಾನ:
"ಸುಗಲಾಬಾಯಿ ರೊಕ್ಕ ಅಂದ್ರ ಮುಗೀತು."

ಅದೇ ಸುಗಲಾಬಾಯಿ ಪಗಾರ
ಒಂದನೇ ತಾರೀಖಿಗಿ ಬರ್ತದ,
ಹದಿನೆಂಟಕ್ಕ ಇರೂದಿಲ್ಲ.
ಕುಡಿಯೋ ಗಂಡ ಇಲ್ಲ, ದವಾಖಾನಿ ಇಲ್ಲ,
ಬಂಗಾರದ ಹುಚ್ಚಿಲ್ಲ.
ದೊಡ್ಡ ತೂತು ಹುಡುಕಿ ಹುಡುಕಿ ಸಾಕಾತು.
ಮುಟಗಿ ಬಿಚ್ಚಿಲ್ಲ, ಖರೇ.
ಬೆರಳ ಸಂದಿ ಯಾರು ನೋಡ್ಯಾರ?

ಮಷೀನಿನಾಗ ಸಿಕ್ಕು ಹರದ ಕಾಗದದ ಸುರುಳಿ
ಚೀಲದ ತಳದಾಗ ಬಿದ್ದಿತ್ತು.
ಅದರ ಬೆನ್ನಿಗಿ ಬರಿಯೂಕ ಹತ್ತಿದೆ.
ಮಂದಿಗಿ ಕೊಡೋ ಚಿಲ್ಲರಿ
ಟಿಕೇಟಿನ ಹಿಂದ ಗೀಚಿ ಕೊಡ್ತೀನಲ್ಲ,
ಹಂಗ, ನನಗ ನಾನು ಬಾಕಿ ಇದ್ದದ್ದು.

ಚಾ, ಜೇವರ್ಗಿ ಸ್ಟ್ಯಾಂಡು, ಹತ್ತು.
ಚಾ, ಶಹಾಪುರ, ಡ್ರೈವರ್ ಮಶಾಕ್ ಸಾಬಂದೂ ಸೇರಿ, ಇಪ್ಪತ್ತು.
ನೀರಿನ ಬಾಟ್ಲಿ ಇಪ್ಪತ್ತು. ಮನ್ಯಾಗ ತುಂಬಿಟ್ಟ ಬಾಟ್ಲಿ
ಗ್ಯಾಸಿನ ಕಟ್ಟಿ ಮ್ಯಾಲೇ ಉಳದಿತ್ತು.
ಸುಸಲಾ ಮಿರ್ಚಿ ಮೂವತ್ತು. ಹಸಿವಿಗಲ್ಲ,
ಬಸ್ಸು ಬಿಡೂಕ ಇನ್ನಾ ಏಳು ನಿಮಿಷ ಇತ್ತು, ಅದಕ್ಕ.
ಫೋನಿನಾಗ ಒತ್ತಿ ಕೊಟ್ಟದ್ದು ಐವತ್ತೈದು.
ಯಾರಿಗಿ? ಹೆಸರು ತೋರಸ್ತದ, ಎಸ್ಸೆಸ್ ಎಂಟರ್‌ಪ್ರೈಸಸ್.
ಯಾರಪ್ಪಾ ನೀನು, ಎಸ್ಸೆಸ್ ಎಂಟರ್‌ಪ್ರೈಸಸ್?
ನಾಕು ದಿನ ಬಿಟ್ಟು ಗೊತ್ತಾತು,
ಯಾದಗಿರಿ ಸ್ಟ್ಯಾಂಡಿನ ಕ್ಲಿಪ್ಪಿನ ಗಾಡಿ.
ಮನ್ಯಾಗ ಆರು ಜೋಡಿ ಕ್ಲಿಪ್ಪು ಬಿಚ್ಚದೇ ಬಿದ್ದಾವ,
ನನ್ನ ಕೂದಲ ನೋಡಿದರ ಒಂದು ಜೋಡಿ ಹೆಚ್ಚು.

ನೋಟು ಇದ್ದಾಗ ಹೋಗೂದು ಕಾಣ್ತಿತ್ತು,
ಈಗ ಟಿಂಗ್ ಅಂತದ, ಅಷ್ಟ.

ಹನ್ನೆರಡನೇ ದಿನ ಖಾಯಂ ಕಳ್ಳ ಸಿಕ್ಕ:
ತಿಂಗಳಿಗಿ ಮೂವತ್ತೆಂಟು, ಕಾಲರ್ ಟ್ಯೂನು.
ಮೂರು ವರ್ಷದಿಂದ!
ನನಗ ಫೋನು ಮಾಡಾವರಿಗಿ ಏನೋ ಹಾಡು ಕೇಳಸ್ತಿತ್ತಂತ,
ನಾ ಒಮ್ಮೆನೂ ಕೇಳಿಲ್ಲ.
ತಂಗಿ ಮಹಾನಂದಾಗ ಕೇಳಿದೆ, ಯಾವ ಹಾಡೇ ಅದು?
"ಯಾರಿಗಿ ಗೊತ್ತವ್ವಾ, ನೀ ಜಲ್ದಿ ಎತ್ತತಿ."

ಇಷ್ಟಾದರೂ
ಗುರುವಾರಕ್ಕೊಮ್ಮೆ ಎಂಟು ರೂಪಾಯಿ
ಯಾವ ಸಾಲಿನಾಗೂ ಕೂಡವಲ್ಲದು.
ಚಾ ಅಲ್ಲ, ಬಾಟ್ಲಿ ಅಲ್ಲ, ಎಸ್ಸೆಸ್ ಅಲ್ಲ.
ಮೂರು ವಾರ ನನ್ನ ಬೆನ್ನಿಗಿ ನಾನೇ
ಚೆಕಿಂಗ್ ಸ್ಕ್ವಾಡ್ ಆಗಿ ಬಿದ್ದೆ.
ನಾಕನೇ ಗುರುವಾರ, ಭೀಮಾ ಸೇತುವಿ ಹತ್ತರ
ಕೈ ಮಾಡಿ ನಿಂತ ಅವಾ, ಬಾಜೂಕ ಆಕಿ.
ದರ್ಗಾಕ್ಕ ಹೋಗೋ ಮುದುಕ ಮುದುಕಿ.
ಆಕಿಗಿ ಸೊನ್ನಿ ಟಿಕೇಟು.
ಅವಾ ದಸ್ತಿಯ ಗಂಟು ಬಿಚ್ಚಿ, ತುಟಿ ಅಲ್ಲಾಡಿಸಿ,
ನಾಣ್ಯ ಎಣಿಸಿ ಎಣಿಸಿ ಕೊಡ್ತಾನ
ಹಳೇ ದರ.
ದರ ಏರಿದ್ದು ಅವನಿಗಿ ಹೇಳೂಕ
ನನಗ ಇನ್ನಾ ಬಾಯಿ ಬಂದಿಲ್ಲ.
ಅಷ್ಟು ಬರೋಬರಿ ಎಣಿಸ್ಯಾನ,
ಹ್ಯಾಂಗ ಅನ್ನಲಿ ಕಡಿಮಿ ಅದ ಅಂತ?

ಅವತ್ತು ರಾತ್ರಿ ಕಾಗದದ ನಡುವ ಗೆರಿ ಹೊಡದೆ.
ಈ ಕಡಿ ಸೋರಿದ್ದು,
ಆ ಕಡಿ ಸುರಿದದ್ದು.
ಎಂಟು ರೂಪಾಯಿ ಆ ಕಡಿ ಹೋತು.
ಕ್ಲಿಪ್ಪು, ಬಾಟ್ಲಿ, ಹಾಡು ಈ ಕಡಿ.

ಈ ತಿಂಗಳು ಇಪ್ಪತ್ತಾರನೇ ತಾರೀಖು ಮುಟ್ಟೀನಿ.
ದೊಡ್ಡ ಮಾತೇನಲ್ಲ, ಮೂವತ್ತು ಇನ್ನಾ ದೂರ ಅದ.
ಬಿಸಲಿಗಿ ಸುರುಳಿಯ ಮುಂದಿನ ಮೈ ಕಪ್ಪಾಗ್ಯಾದ,
ಊರಿನ ಹೆಸರು, ದರ, ಒಂದೂ ಓದೂಕ ಬರಲ್ಲ.
ಬೆನ್ನಿನ ಪೆನ್ನಿನ ಗುರುತು ಹಂಗೇ ಅದ.

ಒಂದು ಮಾತ್ರ ಬರೀದೇ ಬಿಟ್ಟೀನಿ.
ಶಹಾಪುರದಾಗ ಎಂಜಿನು ಬಂದು ಮಾಡಿ
ಮಶಾಕ್ ಸಾಬ ಬಸಿಯಾಗ ಸುರಕೊಂಡು
ಊದಿ ಊದಿ ಕುಡಿಯೋ ಆ ಹತ್ತು ರೂಪಾಯಿ ಚಾ.
ಯಾವ ಕಡಿ ಹಾಕಲಿ?
ಒಂದು ದಿನ ಅವಾ ಕೊಡ್ತಾನ, ಮೂರು ದಿನ ನಾ.
ಪೆನ್ನು ಗೆರಿ ಮ್ಯಾಲೇ ನಿಂತದ.